ಟೆಂಪ್ಲೇಟ್ ಸಿಕ್ಕಿತು, ಮುಂದೇನು? ಕನ್ನಡ ವೆಬ್‌ಸೈಟ್ ವಿನ್ಯಾಸಕ್ಕೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ನಿಮ್ಮ ಊರಿನ ಕನ್ನಡ ಸಂಘಕ್ಕೆ ಒಂದು ವೆಬ್‌ಸೈಟ್ ಬೇಕು ಎಂದು ಸಮಿತಿ ಸಭೆಯಲ್ಲಿ ತೀರ್ಮಾನವಾಗುತ್ತದೆ. "ನಿನಗೆ ಕಂಪ್ಯೂಟರ್ ಗೊತ್ತಲ್ಲಪ್ಪ, ನೀನೇ ಮಾಡಿಬಿಡು" ಎಂದು ಸಭೆಯಲ್ಲಿದ್ದ ಅತಿ ಕಿರಿಯ ಸದಸ್ಯನ ತಲೆಗೆ ಕೆಲಸ ಕಟ್ಟಲಾಗುತ್ತದೆ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಎಲ್ಲ ಕಡೆಯೂ ಇದು ಹೀಗೆಯೇ ನಡೆಯುತ್ತದೆ. ಆ ಕಿರಿಯ ಸದಸ್ಯ ನೀವೇ ಆಗಿದ್ದರೆ, ಅಥವಾ ನಿಮ್ಮದೇ ಮೆಸ್ಸು, ಟ್ಯೂಷನ್ ಕ್ಲಾಸು, ಸೀರೆ ವ್ಯಾಪಾರಕ್ಕೆ ಒಂದು ಪುಟ ಮಾಡಿಕೊಳ್ಳಲು ಹೊರಟಿದ್ದರೆ ಈ ಬರಹ ನಿಮಗಾಗಿ.

ವೆಬ್‌ಸೈಟನ್ನು ಶುರುವಿನಿಂದ ಕಟ್ಟುವ ಕಾಲ ಈಗಿಲ್ಲ. 2003ರಲ್ಲಿ ಶುರುವಾದ ವರ್ಡ್‌ಪ್ರೆಸ್ ಒಂದೇ ಇಂದು ಜಗತ್ತಿನ ಶೇ. 40ಕ್ಕೂ ಹೆಚ್ಚು ವೆಬ್‌ಸೈಟ್‌ಗಳ ಹಿಂದೆ ಕೆಲಸ ಮಾಡುತ್ತಿದೆ. ಅದಕ್ಕೆ ಸಾವಿರಾರು ಸಿದ್ಧ ಟೆಂಪ್ಲೇಟ್‌ಗಳಿವೆ, ಅದರ ಭಾಷೆಯಲ್ಲಿ ಹೇಳುವುದಾದರೆ ಥೀಮ್‌ಗಳು. ವಿಕ್ಸ್, ಬ್ಲಾಗರ್, ಗೂಗಲ್ ಸೈಟ್ಸ್ ಕೂಡ ಇದೇ ದಾರಿ ಹಿಡಿದಿವೆ. ಡೆಮೊ ನೋಡಿದಾಗ ಟೆಂಪ್ಲೇಟ್ ಕಣ್ಣು ಕುಕ್ಕುವಂತಿರುತ್ತದೆ. ಅದರೊಳಗೆ ನಮ್ಮ ಕನ್ನಡ ಅಕ್ಷರ, ನಮ್ಮ ಫೋಟೊ, ನಮ್ಮ ಲೋಗೊ ಹಾಕಿದ ಕೂಡಲೇ ಎಲ್ಲ ಕೆಟ್ಟು ಕೂರುತ್ತದೆ. ತಪ್ಪು ನಿಮ್ಮದಲ್ಲ. ಆ ಟೆಂಪ್ಲೇಟ್ ಹೊಲಿದಿರುವುದು ಇಂಗ್ಲಿಷ್‌ನ ಅಳತೆಗೆ. ಅದನ್ನು ಕನ್ನಡದ ಮೈಗೆ ಹೊಂದಿಸಬೇಕಾದರೆ ಎಲ್ಲಿ ಬಿಚ್ಚಬೇಕು, ಎಲ್ಲಿ ಹೊಲಿಗೆ ಹಾಕಬೇಕು ಎನ್ನುವುದು ಗೊತ್ತಿರಬೇಕು.

ಮೊದಲು ವಿಷಯ, ಆಮೇಲೆ ಬಣ್ಣ

ಡೆಮೊದಲ್ಲಿ ಕಾಣುವ 'ಲೋರೆಮ್ ಇಪ್ಸಮ್' ಎಂಬ ಅರ್ಥವಾಗದ ಸಾಲುಗಳನ್ನು ನೀವು ನೋಡಿರುತ್ತೀರಿ. ಕ್ರಿಸ್ತಪೂರ್ವ 45ರಲ್ಲಿ ರೋಮನ್ ಚಿಂತಕ ಸಿಸೆರೊ ಬರೆದ ಲ್ಯಾಟಿನ್ ಗ್ರಂಥವೊಂದರ ಸಾಲುಗಳನ್ನು ಅಡ್ಡಾದಿಡ್ಡಿ ಕತ್ತರಿಸಿ ಮಾಡಿದ ಪಠ್ಯ ಅದು. 1960ರ ದಶಕದಲ್ಲಿ ಲೆಟ್ರಾಸೆಟ್ ಹಾಳೆಗಳ ಮೂಲಕ ಮುದ್ರಣ ಲೋಕಕ್ಕೆ ಹರಡಿತು, ಅಲ್ಲಿಂದ ಕಂಪ್ಯೂಟರಿಗೆ ಬಂತು. ಜಾಗ ತುಂಬುವುದಷ್ಟೇ ಅದರ ಕೆಲಸ. ಆದರೆ ಅದರ ಪದಗಳು ಚಿಕ್ಕವು, ಸಾಲುಗಳು ಒಂದೇ ಅಳತೆಯವು, ಅಕ್ಷರಗಳ ಕೆಳಗೆ ಒತ್ತಿಲ್ಲ. ಅದನ್ನು ನೋಡಿಕೊಂಡು ಟೆಂಪ್ಲೇಟ್ ಆಯ್ದುಕೊಂಡರೆ ಮೋಸ ಹೋಗುವುದು ಖಚಿತ.

ಹಾಗಾಗಿ ಟೆಂಪ್ಲೇಟ್ ಖರೀದಿಸುವ ಮೊದಲೇ, ಉಚಿತವಾದರೆ ಹಾಕಿಕೊಳ್ಳುವ ಮೊದಲೇ, ನಿಮ್ಮ ಪುಟದಲ್ಲಿ ನಿಜವಾಗಿ ಬರಬೇಕಾದ ಬರಹವನ್ನು ಕನ್ನಡದಲ್ಲಿ ಸಿದ್ಧಮಾಡಿಕೊಳ್ಳಿ. ಸಂಘದ ಹೆಸರು, ವಿಳಾಸ, ಫೋನ್ ನಂಬರ್, ಮುಂದಿನ ಕಾರ್ಯಕ್ರಮ, ಸದಸ್ಯತ್ವ ಪಡೆಯುವುದು ಹೇಗೆ, ವಿದ್ಯಾರ್ಥಿವೇತನದ ಅರ್ಜಿ. ಜನ ಯಾವುದಕ್ಕಾಗಿ ಬರುತ್ತಾರೋ ಅದು ಮುಖಪುಟದ ಮೇಲ್ಭಾಗದಲ್ಲಿ, ಬೆರಳಿನಿಂದ ಒಮ್ಮೆಯೂ ಸರಿಸದೆ ಕಾಣಬೇಕು. ಅಧ್ಯಕ್ಷರ ಸಂದೇಶ ಕೆಳಗಿದ್ದರೂ ಯಾರ ಕೆಲಸವೂ ನಿಲ್ಲುವುದಿಲ್ಲ. ಇದನ್ನು ಅಧ್ಯಕ್ಷರಿಗೆ ಹೇಳುವುದು ಹೇಗೆ ಎನ್ನುವುದನ್ನು ಮಾತ್ರ ನಿಮ್ಮ ಜಾಣತನಕ್ಕೆ ಬಿಟ್ಟಿದ್ದೇನೆ.

ಅಕ್ಷರ: ಅರ್ಧ ವಿನ್ಯಾಸ ಇಲ್ಲೇ ಮುಗಿಯುತ್ತದೆ

ವೆಬ್ ಪುಟದ ಬಹುಭಾಗ ಬರಹವೇ. ಟೆಂಪ್ಲೇಟ್‌ನಲ್ಲಿ ಅಕ್ಷರ ಸರಿಹೋದರೆ ಉಳಿದದ್ದು ಅರ್ಧ ಸರಿಹೋದಂತೆ.

ಬಹುತೇಕ ಟೆಂಪ್ಲೇಟ್‌ಗಳ ಜೊತೆ ಬರುವ ಫಾಂಟ್‌ನಲ್ಲಿ ಕನ್ನಡ ಅಕ್ಷರಗಳೇ ಇರುವುದಿಲ್ಲ. ಆದರೂ ನಿಮ್ಮ ಪುಟದಲ್ಲಿ ಕನ್ನಡ ಕಾಣುತ್ತದೆ, ಏಕೆಂದರೆ ಬ್ರೌಸರ್ ಆ ಯಂತ್ರದಲ್ಲಿರುವ ಯಾವುದೋ ಕನ್ನಡ ಫಾಂಟನ್ನು ಹುಡುಕಿ ತಂದು ಹಾಕುತ್ತದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಬಂದದ್ದು ತುಂಗಾ, ವಿಂಡೋಸ್ 8ರಿಂದ ಬಂದದ್ದು ನಿರ್ಮಲಾ ಯುಐ, ಆ್ಯಪಲ್ ಯಂತ್ರಗಳಲ್ಲಿ ಕನ್ನಡ ಸಂಗಮ್, ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ನೋಟೊ. ಒಂದೊಂದರ ಗಾತ್ರವೂ ದಪ್ಪವೂ ಬೇರೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅಂದವಾಗಿ ಕಂಡ ಶೀರ್ಷಿಕೆ ಅಮ್ಮನ ಮೊಬೈಲ್‌ನಲ್ಲಿ ಮೂರು ಸಾಲಿಗೆ ಮುರಿದು ಬೀಳುವುದಕ್ಕೆ ಕಾರಣ ಇದು.

ಪರಿಹಾರ ಸುಲಭ. ಯಾವ ಕನ್ನಡ ಫಾಂಟ್ ಎಂದು ನೀವೇ ನಿರ್ಧರಿಸಿ, ಅದನ್ನು ಪುಟದ ಜೊತೆಗೇ ಕಳುಹಿಸಿ. ಗೂಗಲ್ ಫಾಂಟ್ಸ್‌ನಲ್ಲಿ ಮುಕ್ತ ಪರವಾನಗಿಯ, ಉಚಿತವಾಗಿ ಬಳಸಬಹುದಾದ ಕನ್ನಡ ಫಾಂಟ್‌ಗಳು ಸಾಕಷ್ಟಿವೆ. ನೋಟೊ ಸಾನ್ಸ್ ಕನ್ನಡ ಮತ್ತು ನೋಟೊ ಸೆರಿಫ್ ಕನ್ನಡ ದೀರ್ಘ ಬರಹಕ್ಕೆ ನಂಬಿಕಸ್ಥ ಆಯ್ಕೆಗಳು. ಪುಸ್ತಕದ ಛಾಯೆ ಬೇಕಿದ್ದರೆ ತಿರೊ ಕನ್ನಡ ಇದೆ. ದುಂಡಗೆ, ದಪ್ಪಗೆ, ಮಕ್ಕಳ ಕಾರ್ಯಕ್ರಮಕ್ಕೆ ಒಪ್ಪುವಂಥದ್ದು ಬಾಲೂ ತಮ್ಮ. ಶೀರ್ಷಿಕೆಗೆ ಮಾತ್ರ ಬಳಸುವುದಾದರೆ ಅಕಾಯ ಕನಡಕ ನೋಡಬಹುದು, ಆದರೆ ಅದರಲ್ಲಿ ಇಡೀ ವರದಿ ಬರೆದರೆ ಓದುವವರಿಗೆ ಕಷ್ಟ.

ಹೊರನಾಡ ಕನ್ನಡಿಗರಿಗೆ ನನ್ನ ಶಿಫಾರಸು ಅನೇಕ್ ಕನ್ನಡ. ಮುಂಬೈ ಮೂಲದ ಏಕ್ ಟೈಪ್ ತಂಡ ಇದನ್ನು ಹತ್ತು ಲಿಪಿಗಳ ಒಂದು ಕುಟುಂಬವಾಗಿ ರೂಪಿಸಿದೆ. ಕನ್ನಡದ ಜೊತೆ ದೇವನಾಗರಿ, ತಮಿಳು, ತೆಲುಗು, ಮಲಯಾಳಂ, ರೋಮನ್ ಎಲ್ಲವೂ ಅದರಲ್ಲಿವೆ. ಚೆನ್ನೈನ ಸಂಘ ತನ್ನ ಪುಟದಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೂರನ್ನೂ ಹಾಕಬೇಕಾಗುತ್ತದೆ. ಪುಣೆಯವರಿಗೆ ಮರಾಠಿ ಬೇಕು, ಹೈದರಾಬಾದಿನವರಿಗೆ ತೆಲುಗು. ಬೇರೆ ಬೇರೆ ಕಡೆಯಿಂದ ತಂದ ಫಾಂಟ್‌ಗಳಾದರೆ ಒಂದು ಲಿಪಿ ಗಟ್ಟಿಯಾಗಿ ಕೂಗುತ್ತದೆ, ಇನ್ನೊಂದು ಪಿಸುಗುಡುತ್ತದೆ. ಒಂದೇ ಮನೆಯ ಫಾಂಟ್‌ಗಳಾದರೆ ಆ ಜಗಳ ಕಡಿಮೆ.

ವರ್ಡ್‌ಪ್ರೆಸ್‌ನ 6.5ನೇ ಆವೃತ್ತಿಯಿಂದ ಈಚೆಗೆ ಬ್ಲಾಕ್ ಥೀಮ್‌ಗಳಲ್ಲಿ ಎಡಿಟರ್ ಒಳಗಿನಿಂದಲೇ ಗೂಗಲ್ ಫಾಂಟ್‌ಗಳನ್ನು ಸೇರಿಸಿಕೊಳ್ಳಬಹುದು. ಕೋಡ್ ಮುಟ್ಟಬೇಕಿಲ್ಲ. ಎರಡು ಫಾಂಟ್ ಸಾಕು, ಶೀರ್ಷಿಕೆಗೆ ಒಂದು, ಬರಹಕ್ಕೆ ಒಂದು. ಒಂದೇ ಫಾಂಟ್‌ನ ದಪ್ಪ ಮತ್ತು ಸಾಮಾನ್ಯ ರೂಪಗಳಲ್ಲಿ ಮುಗಿಸಿದರೆ ಇನ್ನೂ ಒಳ್ಳೆಯದು, ಪುಟ ಬೇಗ ತೆರೆಯುತ್ತದೆ.

ಸಾಲಿನ ನಡುವೆ ಒತ್ತಕ್ಷರಕ್ಕೆ ಜಾಗ ಕೊಡಿ

ಟೆಂಪ್ಲೇಟ್ ಕನ್ನಡಕ್ಕೆ ಮಾಡುವ ಅತಿ ದೊಡ್ಡ ಅನ್ಯಾಯ ಇದು. ಇಂಗ್ಲಿಷ್ ಅಕ್ಷರಗಳು ಹೆಚ್ಚುಕಡಿಮೆ ಒಂದು ಪಟ್ಟಿಯೊಳಗೆ ಕೂರುತ್ತವೆ. ನಮ್ಮಲ್ಲಿ ಮೇಲೆ ತಲೆಕಟ್ಟು, ಗುಡಿಸು. ಕೆಳಗೆ ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು. 'ರಾಷ್ಟ್ರೀಯ', 'ಸ್ತ್ರೀ', 'ಶಾಸ್ತ್ರೀಯ' ಪದಗಳನ್ನು ಒಮ್ಮೆ ಬರೆದು ನೋಡಿ. ಟೆಂಪ್ಲೇಟ್‌ನಲ್ಲಿ ಶೀರ್ಷಿಕೆಯ ಲೈನ್ ಹೈಟ್ 1.1 ಅಥವಾ 1.2 ಎಂದಿರುತ್ತದೆ. ಎರಡು ಸಾಲಿನ ಕನ್ನಡ ಶೀರ್ಷಿಕೆ ಹಾಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತದೆ.

ಶೀರ್ಷಿಕೆಗೆ 1.4, ಬರಹಕ್ಕೆ 1.7ರ ಆಸುಪಾಸು ಇಟ್ಟು ನೋಡಿ. ಇದು ಲೆಕ್ಕದ ಪುಸ್ತಕದಿಂದ ಬಂದ ಸಂಖ್ಯೆಯೇನೂ ಅಲ್ಲ, ಫಾಂಟ್ ಬದಲಾದರೆ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಮೇಲಿನ ಮೂರು ಪದಗಳಿರುವ ಒಂದು ಸಾಲನ್ನು ಶೀರ್ಷಿಕೆಯಾಗಿ, ಮೆನುವಾಗಿ, ಬಟನ್ ಆಗಿ ಹಾಕಿ ಪರೀಕ್ಷಿಸಿದರೆ ಎಲ್ಲಿ ಇಕ್ಕಟ್ಟಾಗಿದೆ ಎಂದು ತಾನಾಗಿ ಗೊತ್ತಾಗುತ್ತದೆ. ಬಟನ್ ಮತ್ತು ಮೆನುವಿನಲ್ಲಿ ಎತ್ತರ ನಿಗದಿಯಾಗಿದ್ದರೆ ಒತ್ತಿನ ಕಾಲೇ ಕತ್ತರಿಸಿಹೋಗುವುದೂ ಉಂಟು. ಅಂಥ ಕಡೆ ನಿಗದಿತ ಎತ್ತರ ತೆಗೆದು, ಮೇಲೆ ಕೆಳಗೆ ಪ್ಯಾಡಿಂಗ್ ಕೊಡಿ.

ಗಾತ್ರದ ವಿಷಯಕ್ಕೆ ಬಂದರೆ, ಬ್ರೌಸರ್‌ಗಳಲ್ಲಿ ಬರಹದ ಮೂಲ ಗಾತ್ರ 16 ಪಿಕ್ಸೆಲ್. ಕನ್ನಡಕ್ಕೆ 18 ಇಡಿ. ಅಕ್ಷರದೊಳಗಿನ ಸುರುಳಿಗಳು ಹೆಚ್ಚಿರುವುದರಿಂದ ಅದೇ ಗಾತ್ರದಲ್ಲಿ ಕನ್ನಡ ಇಂಗ್ಲಿಷಿಗಿಂತ ಮುದ್ದೆಯಾಗಿ ಕಾಣುತ್ತದೆ. ಸಂಘದ ಪುಟ ಓದುವವರಲ್ಲಿ ಕನ್ನಡಕ ಹಾಕಿಕೊಂಡು, ಫೋನನ್ನು ತೋಳುದ್ದ ದೂರ ಹಿಡಿಯುವವರೇ ಹೆಚ್ಚು ಎನ್ನುವುದನ್ನೂ ಮರೆಯಬಾರದು. ಈಗಿನ ಟೆಂಪ್ಲೇಟ್‌ಗಳಲ್ಲಿ ಫ್ಯಾಷನ್ನಾಗಿರುವ ತೆಳ್ಳನೆಯ ಅಕ್ಷರಗಳು, ಅಂದರೆ 300ರ ತೂಕದವು, ಕನ್ನಡದಲ್ಲಿ ಕೂದಲೆಳೆಯಂತೆ ಮಾಯವಾಗುತ್ತವೆ. ಬರಹಕ್ಕೆ 400, ಬೇಕಿದ್ದರೆ 500.

ಇಂಗ್ಲಿಷ್‌ನ ಆಟ ಕನ್ನಡದಲ್ಲಿ ನಡೆಯದು

ಟೆಂಪ್ಲೇಟ್ ವಿನ್ಯಾಸಕರು ಮುಖ್ಯವಾದದ್ದನ್ನು ತೋರಿಸಲು ಕೆಲವು ಸಿದ್ಧ ಉಪಾಯ ಬಳಸುತ್ತಾರೆ. ಮೆನು ಮತ್ತು ಬಟನ್‌ಗಳಲ್ಲಿ ಎಲ್ಲವೂ ಕ್ಯಾಪಿಟಲ್ ಅಕ್ಷರ. ಅಕ್ಷರಗಳ ನಡುವೆ ಅಗಲವಾದ ಅಂತರ. ಉಲ್ಲೇಖಕ್ಕೆ ಓರೆ ಅಕ್ಷರ, ಅಂದರೆ ಇಟಾಲಿಕ್. ಲೇಖನದ ಮೊದಲ ಅಕ್ಷರ ದೈತ್ಯಗಾತ್ರದಲ್ಲಿ.

ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರವೇ ಇಲ್ಲ. ಹಾಗಾಗಿ ಡೆಮೊದಲ್ಲಿ ಎದ್ದು ಕಾಣುತ್ತಿದ್ದ ಮೆನು ನಿಮ್ಮ ಪುಟದಲ್ಲಿ ಮಾಮೂಲಿ ಸಾಲಿನಂತೆ ಮಂಕಾಗುತ್ತದೆ. ಅದನ್ನು 600 ಅಥವಾ 700ರ ತೂಕಕ್ಕೆ ಏರಿಸಿ, ಇಲ್ಲವೇ ಬಣ್ಣ ಬದಲಿಸಿ. ಲೆಟರ್ ಸ್ಪೇಸಿಂಗ್ ಎಲ್ಲಿದ್ದರೂ ಸೊನ್ನೆ ಮಾಡಿ, 'ಕಾರ್ಯಕ್ರಮ' ಎನ್ನುವ ಪದ ಬಿಡಿಬಿಡಿಯಾಗಿ ಚೆಲ್ಲಿದ ಹುರಿಗಡಲೆಯಂತೆ ಕಾಣಬಾರದು. ಕೆಲವು ಟೆಂಪ್ಲೇಟ್‌ಗಳಲ್ಲಿ ದೊಡ್ಡ ಶೀರ್ಷಿಕೆಗೆ ಇದು ಸೊನ್ನೆಗಿಂತ ಕಡಿಮೆ ಇರುತ್ತದೆ, ಆಗ ಅಕ್ಷರಗಳು ಒಂದರ ಮೇಲೊಂದು ಹತ್ತುತ್ತವೆ. ಹೆಚ್ಚಿನ ಕನ್ನಡ ಫಾಂಟ್‌ಗಳಿಗೆ ಇಟಾಲಿಕ್ ರೂಪವಿಲ್ಲ. ಬ್ರೌಸರ್ ನೇರ ಅಕ್ಷರವನ್ನೇ ಬಲವಂತವಾಗಿ ಓರೆಗೆ ತಳ್ಳುತ್ತದೆ, ಗಾಳಿಗೆ ವಾಲಿದ ಪೆಂಡಾಲಿನಂತೆ. ಉಲ್ಲೇಖವನ್ನು ನೇರ ಅಕ್ಷರದಲ್ಲೇ ಸ್ವಲ್ಪ ದೊಡ್ಡದಾಗಿ ಇಟ್ಟು, ಎಡಗಡೆ ಒಂದು ಬಣ್ಣದ ಗೆರೆ ಎಳೆದರೆ ಸಾಕು. ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಸೌಲಭ್ಯವನ್ನು ಆಫ್ ಮಾಡಿಬಿಡಿ. ಲೇಖನ 'ಕ' ಎಂದು ಶುರುವಾದರೆ ಚಂದ, 'ಸ್ತ್ರೀ' ಎಂದು ಶುರುವಾದರೆ ಗೋಳು.

ಎರಡೂ ಬದಿ ಸಮ ಮಾಡುವ ಜಸ್ಟಿಫೈ ಕೂಡ ಬೇಡ. ನಮ್ಮ ಪದಗಳು ಪ್ರತ್ಯಯ ಸೇರಿಸಿಕೊಂಡು ಉದ್ದವಾಗುತ್ತವೆ. ಮೊಬೈಲ್‌ನ ಕಿರಿದಾದ ಪರದೆಯಲ್ಲಿ ಒಂದು ಸಾಲಿಗೆ ಮೂರು ಪದ ಹಿಡಿಸಿದರೆ, ಅವುಗಳ ನಡುವೆ ಬಸ್ಸು ಹೋಗುವಷ್ಟು ಜಾಗ ಬಿಡುತ್ತದೆ. ಎಡಕ್ಕೆ ಜೋಡಿಸಿ, ಬಲಗಡೆ ಏರುಪೇರಾಗಿರಲಿ.

ಎಡಕ್ಕೆ ಎಂದಾಗ ಇನ್ನೊಂದು ಮಾತು. ನಮ್ಮವರಿಗೆ ಎಲ್ಲವನ್ನೂ ಮಧ್ಯಕ್ಕೆ ತರುವ ಅಭ್ಯಾಸ ಇದೆ. ಇದು ಮದುವೆಯ ಆಮಂತ್ರಣ ಪತ್ರಿಕೆಯಿಂದ ಬಂದದ್ದು ಎಂದು ನನ್ನ ಗುಮಾನಿ. ನಾಲ್ಕು ಸಾಲಿನ ಆಮಂತ್ರಣಕ್ಕೆ ಅದು ಒಪ್ಪುತ್ತದೆ. ನಲವತ್ತು ಸಾಲಿನ ವಾರ್ಷಿಕ ವರದಿಯನ್ನು ಮಧ್ಯಕ್ಕೆ ಜೋಡಿಸಿದರೆ ಮುಂದಿನ ಸಾಲು ಎಲ್ಲಿ ಶುರುವಾಗುತ್ತದೆ ಎಂದು ಕಣ್ಣು ಪ್ರತಿ ಸಲ ಹುಡುಕಬೇಕು. ಒಂದು ಶೀರ್ಷಿಕೆ, ಒಂದು ಬಟನ್ ಮಧ್ಯದಲ್ಲಿರಲಿ, ಉಳಿದದ್ದಕ್ಕೆ ಎಡ ಅಂಚೇ ಆಸರೆ.

ಹಳದಿ-ಕೆಂಪು: ಅಭಿಮಾನ ಸರಿ, ಅಕ್ಷರ ಕಾಣಬೇಕಲ್ಲ

ಕನ್ನಡ ಸಂಘ ಎಂದ ಮೇಲೆ ಬಣ್ಣದ ಬಗ್ಗೆ ಚರ್ಚೆಯೇ ಇಲ್ಲ, ಹಳದಿ ಮತ್ತು ಕೆಂಪು. ಮ. ರಾಮಮೂರ್ತಿ ಅವರು 1960ರ ದಶಕದಲ್ಲಿ ರೂಪಿಸಿದ ಬಾವುಟದ ಬಣ್ಣಗಳವು. ಬಾವುಟದಲ್ಲಿ ಅವು ಅಕ್ಕಪಕ್ಕದ ಎರಡು ಪಟ್ಟಿಗಳು. ವೆಬ್ ಪುಟದಲ್ಲಿ ನಾವು ಒಂದರ ಮೇಲೆ ಇನ್ನೊಂದನ್ನು ಅಕ್ಷರವಾಗಿ ಬರೆಯುತ್ತೇವೆ. ತೊಂದರೆ ಶುರುವಾಗುವುದು ಅಲ್ಲಿ.

ಅಕ್ಷರ ಮತ್ತು ಹಿನ್ನೆಲೆಯ ನಡುವೆ ಹೊಳಪಿನ ವ್ಯತ್ಯಾಸ ಎಷ್ಟಿದೆ ಎಂದು ಅಳೆಯಲು ಒಂದು ಅನುಪಾತವಿದೆ, ಅದನ್ನು ಕಾಂಟ್ರಾಸ್ಟ್ ಎನ್ನುತ್ತಾರೆ. ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರಕ್ಕೆ 21:1, ಇದೇ ಗರಿಷ್ಠ. ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಮಾರ್ಗಸೂಚಿ ಪ್ರಕಾರ ಸಾಮಾನ್ಯ ಬರಹಕ್ಕೆ ಕನಿಷ್ಠ 4.5:1 ಇರಬೇಕು. 24 ಪಿಕ್ಸೆಲ್‌ಗಿಂತ ದೊಡ್ಡ ಅಕ್ಷರಕ್ಕೆ 3:1 ಸಾಕು.

ಈಗ ಲೆಕ್ಕ ನೋಡಿ. ಅಚ್ಚ ಹಳದಿಯ ಮೇಲೆ ಅಚ್ಚ ಕೆಂಪು ಅಕ್ಷರ ಬರೆದರೆ ಅನುಪಾತ ಸುಮಾರು 3.7. ದೊಡ್ಡ ಶೀರ್ಷಿಕೆಗೆ ಹೇಗೋ ನಡೆಯುತ್ತದೆ, ಸಣ್ಣ ಬರಹಕ್ಕೆ ಫೇಲು. ಬಿಳಿಯ ಮೇಲೆ ಅಚ್ಚ ಕೆಂಪು ಸುಮಾರು 4, ಅದೂ ಫೇಲು. ಬಿಳಿಯ ಮೇಲೆ ಹಳದಿ ಅಕ್ಷರವಂತೂ 1.07, ಅಂದರೆ ಹೆಚ್ಚುಕಡಿಮೆ ಅದೃಶ್ಯ. ಬಿಸಿಲಲ್ಲಿ ಬಸ್ ಸ್ಟಾಪಿನಲ್ಲಿ ನಿಂತು ಕಾರ್ಯಕ್ರಮದ ವಿಳಾಸ ಹುಡುಕುವ ಹಿರಿಯರಿಗೆ ಇದು ಕಾಣುವುದಿಲ್ಲ. ಅವರು ಬೈದುಕೊಳ್ಳುವುದು ಮಾತ್ರ ತಮ್ಮ ಕಣ್ಣನ್ನು.

ಬಣ್ಣ ಬಿಡಬೇಕಿಲ್ಲ, ಕೆಂಪನ್ನು ಗಾಢ ಮಾಡಿದರೆ ಆಯಿತು. #880000 ಎಂಬ ಕೋಡ್ ಹಾಕಿ, ಕುಂಕುಮ ಒಣಗಿದಂಥ ಕಡುಗೆಂಪು ಬರುತ್ತದೆ. ಹಳದಿಯ ಮೇಲೆ ಅದರ ಅನುಪಾತ 9 ದಾಟುತ್ತದೆ, ಬಿಳಿಯ ಮೇಲೆ 10 ದಾಟುತ್ತದೆ. ಹಳದಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರವಾದರೆ 19ಕ್ಕೂ ಹೆಚ್ಚು. ಪುಟದ ಬಹುಭಾಗ ಬಿಳಿ ಅಥವಾ ಕೆನೆ ಬಣ್ಣವಿರಲಿ, ಶೀರ್ಷಿಕೆ ಮತ್ತು ಬಟನ್‌ಗೆ ಕಡುಗೆಂಪು, ಹಳದಿ ಮೇಲಿನ ಪಟ್ಟಿಯಲ್ಲೋ ಒಂದೆರಡು ಗೆರೆಗಳಲ್ಲೋ ಬಂದರೆ ಸಾಕು. ಹಳದಿ ಕಡಿಮೆಯಿದ್ದಷ್ಟೂ ಅದಕ್ಕೆ ಬೆಲೆ ಹೆಚ್ಚು.

ಟೆಂಪ್ಲೇಟ್‌ನ ಇನ್ನೊಂದು ರೋಗ ತಿಳಿ ಬೂದು ಬಣ್ಣದ ಬರಹ. ಇಲ್ಲಿ ಗೆರೆ ಎಷ್ಟು ತೆಳುವಾಗಿದೆ ನೋಡಿ: ಬಿಳಿಯ ಮೇಲೆ #767676 ಪಾಸಾಗುತ್ತದೆ, #777777 ಕೂದಲೆಳೆಯಲ್ಲಿ ಫೇಲಾಗುತ್ತದೆ. ಗಡಿಯಲ್ಲಿ ಯಾಕೆ ನಿಲ್ಲಬೇಕು, ಬರಹಕ್ಕೆ #333333 ಇಟ್ಟುಬಿಡಿ. ಕಾಂಟ್ರಾಸ್ಟ್ ಲೆಕ್ಕ ಹಾಕಿಕೊಡುವ ಉಚಿತ ಸಾಧನಗಳು ಹುಡುಕಿದರೆ ಕ್ಷಣದಲ್ಲಿ ಸಿಗುತ್ತವೆ, ಕ್ರೋಮ್ ಮತ್ತು ಫೈರ್‌ಫಾಕ್ಸ್ ಬ್ರೌಸರ್‌ಗಳ ಒಳಗೂ ಇದೆ.

ಕೆಂಪು-ಹಸಿರು ವ್ಯತ್ಯಾಸ ಕಾಣದವರು ನಮ್ಮ ನಡುವೆ ಇದ್ದಾರೆ, ಗಂಡಸರಲ್ಲಿ ಇದು ಹೆಚ್ಚು. ಅರ್ಜಿ ನಮೂನೆಯಲ್ಲಿ 'ಕೆಂಪು ಬಣ್ಣದ ಜಾಗ ಕಡ್ಡಾಯ' ಎಂದು ಬರೆದರೆ ಅವರಿಗೆ ಅರ್ಥವಾಗದು. 'ಕಡ್ಡಾಯ' ಎಂಬ ಪದವನ್ನೇ ಬರೆಯಿರಿ.

ಫೋಟೊ ಮತ್ತು ಫ್ಲೆಕ್ಸ್

ಮುಖಪುಟದ ಮೇಲೆ ತಾನಾಗಿ ಸರಿಯುವ ಐದಾರು ಫೋಟೊಗಳ ಸ್ಲೈಡರ್ ಬಹಳ ಟೆಂಪ್ಲೇಟ್‌ಗಳಲ್ಲಿ ಇರುತ್ತದೆ. ಸಮಿತಿಗೂ ಇದು ಅಚ್ಚುಮೆಚ್ಚು, ಎಲ್ಲರ ಮುಖವೂ ಬರುತ್ತದಲ್ಲ. ಓದುವವನು ಮೊದಲ ಚಿತ್ರ ನೋಡುವಷ್ಟರಲ್ಲಿ ಎರಡನೆಯದು ಬಂದಿರುತ್ತದೆ. ಅದರ ಬದಲು ಒಂದೇ ಒಳ್ಳೆಯ ಫೋಟೊ ಇರಲಿ. ಜನ ತುಂಬಿದ ಸಭಾಂಗಣ, ಮಕ್ಕಳ ಕೋಲಾಟ, ಯಕ್ಷಗಾನದ ಒಂದು ಹೆಜ್ಜೆ. ಸನ್ಮಾನದ ಸಾಲುಫೋಟೊಗಳಿಗೆ ಗ್ಯಾಲರಿ ಪುಟವಿದೆ.

ಫೋಟೊ ಮೇಲೆ ಅಕ್ಷರ ಬರೆಯುವಾಗ ಜಾಗ್ರತೆ. ಬಿಳಿ ಪಂಚೆಯ ಮೇಲೆ ಬಿಳಿ ಅಕ್ಷರ ಬಂದರೆ ಶೀರ್ಷಿಕೆ ಅಲ್ಲೇ ಕರಗಿತು. ಟೆಂಪ್ಲೇಟ್‌ನಲ್ಲಿ ಓವರ್‌ಲೇ ಎಂಬ ಆಯ್ಕೆ ಇರುತ್ತದೆ, ಫೋಟೊ ಮತ್ತು ಅಕ್ಷರದ ನಡುವೆ ಕಪ್ಪು ಪರದೆಯೊಂದನ್ನು ಇಳಿಬಿಟ್ಟಂತೆ. ಅದನ್ನು ಶೇ. 50ರ ಆಸುಪಾಸಿಗೆ ಏರಿಸಿ.

ಮೊಬೈಲ್‌ನಲ್ಲಿ ತೆಗೆದ 12 ಮೆಗಾಪಿಕ್ಸೆಲ್ ಫೋಟೊ ಎಂದರೆ 4000 ಪಿಕ್ಸೆಲ್ ಅಗಲ, 3000 ಎತ್ತರ, ಹಲವು ಎಂಬಿ ತೂಕ. ಅದನ್ನು ಹಾಗೇ ಏರಿಸಿದರೆ ನೆಟ್‌ವರ್ಕ್ ಕುಂಟುವ ಕಡೆ ಪುಟ ತೆರೆಯುವುದೇ ಇಲ್ಲ. ದೊಡ್ಡ ಚಿತ್ರಕ್ಕೂ 1600 ಪಿಕ್ಸೆಲ್ ಅಗಲ ಸಾಕು. ಜೆಪೆಗ್ ಅಥವಾ ವೆಬ್‌ಪಿ ರೂಪದಲ್ಲಿ ಉಳಿಸಿ, 200 ಕೆಬಿ ಒಳಗೆ ತರಲು ಪ್ರಯತ್ನಿಸಿ. ಲೋಗೊಗೆ ಎಸ್‌ವಿಜಿ ಉತ್ತಮ, ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದು. ಅದಿಲ್ಲದಿದ್ದರೆ ಹಿನ್ನೆಲೆಯಿಲ್ಲದ ಪಿಎನ್‌ಜಿ. ಬ್ರೌಸರ್ ಟ್ಯಾಬಿನಲ್ಲಿ ಕಾಣುವ ಪುಟ್ಟ ಗುರುತಿಗೆ ವರ್ಡ್‌ಪ್ರೆಸ್ ಕನಿಷ್ಠ 512 ಪಿಕ್ಸೆಲ್‌ನ ಚೌಕ ಚಿತ್ರ ಕೇಳುತ್ತದೆ. ಸಂಘದ ಇಡೀ ಲಾಂಛನವನ್ನು ಅಲ್ಲಿ ತುರುಕಬೇಡಿ, ಉಗುರಿನಷ್ಟು ಜಾಗದಲ್ಲಿ ಭುವನೇಶ್ವರಿಯೂ ಕಾಣಳು, ಘೋಷವಾಕ್ಯವೂ ಕಾಣದು. ಹೆಸರಿನ ಒಂದು ಅಕ್ಷರ ಸಾಕು. ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ ಚಿತ್ರವೆಲ್ಲ ಉಚಿತವಲ್ಲ, ಪರವಾನಗಿ ನೋಡಿ ಬಳಸಿ.

ಇನ್ನು ಫ್ಲೆಕ್ಸ್. ಕಾರ್ಯಕ್ರಮದ ಬ್ಯಾನರ್ ಮಾಡಿಸಿದವರು ಅದೇ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ, ಅದನ್ನೇ ವೆಬ್‌ಸೈಟಿಗೂ ಅಂಟಿಸಿಬಿಡುತ್ತೇವೆ. ದಿನಾಂಕ, ಸಮಯ, ಸ್ಥಳ, ಫೋನ್ ಎಲ್ಲ ಚಿತ್ರದೊಳಗೆ ಬಂದಿಯಾಗಿರುತ್ತವೆ. ದೃಷ್ಟಿ ಇಲ್ಲದವರ ಫೋನ್ ಅದನ್ನು ಓದಿ ಹೇಳಲಾರದು. ಸರ್ಚ್‌ನಲ್ಲಿ ಆ ಪುಟ ಸಿಗುವ ಭರವಸೆ ಇಲ್ಲ. ನಂಬರ್ ಒತ್ತಿ ಕರೆ ಮಾಡಲೂ ಆಗದು. ವಿದ್ಯಾರ್ಥಿವೇತನದ ಪ್ರಕಟಣೆಯೊಂದು ಹೀಗೆ ಬರೀ ಚಿತ್ರವಾಗಿ ಹೋಯಿತು ಎಂದುಕೊಳ್ಳಿ. 'ಕನ್ನಡ ವಿದ್ಯಾರ್ಥಿವೇತನ' ಎಂದು ಹುಡುಕುವ ಹುಡುಗಿಗೆ ಅದು ಸಿಗುವುದೇ ಇಲ್ಲ, ಕೊನೆಯ ದಿನಾಂಕ ದಾಟಿರುತ್ತದೆ. ಈ ಬರಹದಲ್ಲಿ ಒಂದನ್ನು ಮಾತ್ರ ಪಾಲಿಸುವುದಾದರೆ ಇದನ್ನು ಪಾಲಿಸಿ ಎಂದು ಕೇಳಿಕೊಳ್ಳುತ್ತೇನೆ: ಚಿತ್ರ ಇರಲಿ, ಅದರ ಕೆಳಗೆ ಅಷ್ಟೂ ವಿವರವನ್ನು ಬರಹದಲ್ಲಿ ಮತ್ತೆ ಬರೆಯಿರಿ.

ಬರಹವೂ ಯುನಿಕೋಡ್‌ನಲ್ಲೇ ಇರಬೇಕು. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಹಳೇ ಫಾಂಟ್ ಬಳಸಿ ಟೈಪ್ ಮಾಡಿದ ಕಡತವನ್ನು ಹಾಗೇ ತಂದು ಅಂಟಿಸಿದರೆ ಪುಟದಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅದನ್ನು ಯುನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಒಮ್ಮೆ ಓದಿ, ಅರ್ಕಾವತ್ತು ಇರುವ ಪದಗಳಲ್ಲಿ ತಪ್ಪು ಉಳಿದಿರುತ್ತದೆ.

ಬೆರಳಿಗೆ ಸಿಗುವಂತಿರಲಿ

ಟೆಂಪ್ಲೇಟನ್ನು ನಾವು ತಿದ್ದುವುದು ಲ್ಯಾಪ್‌ಟಾಪ್‌ನಲ್ಲಿ, ಜನ ನೋಡುವುದು ಮೊಬೈಲ್‌ನಲ್ಲಿ. ಬಟನ್ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಆ್ಯಪಲ್ 44 ಪಾಯಿಂಟ್, ಗೂಗಲ್ 48 ಎಂದು ತಮ್ಮ ಮಾರ್ಗಸೂಚಿಗಳಲ್ಲಿ ಹೇಳಿಕೊಂಡಿವೆ. ಎತ್ತರ 48 ಪಿಕ್ಸೆಲ್ ಇಟ್ಟರೆ ನಿಶ್ಚಿಂತೆ. ಬಟನ್ ಮೇಲಿನ ಮಾತು ಚುಟುಕಾಗಿರಲಿ. 'ಹೆಚ್ಚಿನ ಮಾಹಿತಿಗಾಗಿ ಇಲ್ಲಿ ಕ್ಲಿಕ್ಕಿಸಿ' ಎಂದು ಬರೆದರೆ ಅದು ಎರಡು ಸಾಲಿಗೆ ಮುರಿದು ಬಟನ್ನಿನಿಂದ ಹೊರಗೆ ಇಣುಕುತ್ತದೆ. 'ಸದಸ್ಯರಾಗಿ', 'ಕರೆ ಮಾಡಿ', 'ದಾರಿ ನೋಡಿ' ಸಾಕು.

ಮೆನುವಿನಲ್ಲಿ ಐದಾರಕ್ಕಿಂತ ಹೆಚ್ಚು ಹೆಸರು ಬೇಡ. ಪುಟದಲ್ಲಿ ಕನ್ನಡ ಅಂಕಿ ಬಳಸುವ ಆಸೆ ಇದ್ದರೆ ದಿನಾಂಕ, ಇಸವಿಗಳಿಗೆ ಖಂಡಿತ ಬಳಸಿ. ಫೋನ್ ನಂಬರ್ ಮಾತ್ರ 0ಯಿಂದ 9ರ ಮಾಮೂಲಿ ಅಂಕಿಗಳಲ್ಲಿ, ಒತ್ತಿದರೆ ಕರೆ ಹೋಗುವ ಲಿಂಕ್ ಆಗಿ ಇರಲಿ.

ಖಾಲಿ ಜಾಗ ಕಂಡರೆ ತುಂಬಿಸಬೇಕು ಎನಿಸುವುದು ಸಹಜ. ಬಾಡಿಗೆ ಮನೆಯಲ್ಲಿ ಒಂದು ಗೋಡೆಯೂ ಖಾಲಿ ಬಿಡದ ನಮಗೆ ಇದು ಇನ್ನೂ ಕಷ್ಟ. ಟೆಂಪ್ಲೇಟ್ ಮಾಡಿದವರು ಬಿಟ್ಟ ಅಂತರಗಳನ್ನು ಆದಷ್ಟು ಮುಟ್ಟದಿರಿ. ಎರಡು ವಿಷಯಗಳ ನಡುವೆ ಗೆರೆ ಎಳೆಯುವ ಬದಲು ಜಾಗ ಬಿಟ್ಟರೆ ಅದೇ ಕೆಲಸ ಆಗುತ್ತದೆ. ಓಡುವ ಅಕ್ಷರಗಳು, ಮಿನುಗುವ 'ಹೊಸತು' ಚಿಹ್ನೆ, ಪುಟ ತೆರೆದ ಕೂಡಲೇ ಮೊಳಗುವ ಹಾಡು ಇವು ಬಹುತೇಕ ಟೆಂಪ್ಲೇಟ್‌ಗಳಲ್ಲಿ ಈಗ ಸಿಗುವುದಿಲ್ಲ. ಯಾರಾದರೂ ಹಿರಿಯರು ಕೇಳಿದರೆ ಟೆಂಪ್ಲೇಟ್‌ನಲ್ಲಿ ಇಲ್ಲ ಸಾರ್ ಎಂದುಬಿಡಿ.

ಕೈಹಾಕುವ ಮುನ್ನ

ಥೀಮ್‌ನ ಮೂಲ ಕಡತಗಳನ್ನು ನೇರವಾಗಿ ತಿದ್ದಬೇಡಿ. ಥೀಮ್ ಅಪ್‌ಡೇಟ್ ಆದ ದಿನ ನೀವು ಮಾಡಿದ್ದೆಲ್ಲ ಅಳಿಸಿಹೋಗುತ್ತದೆ. ವರ್ಡ್‌ಪ್ರೆಸ್‌ನಲ್ಲಿ 2016ರ 4.7ನೇ ಆವೃತ್ತಿಯಿಂದಲೂ ಹೆಚ್ಚುವರಿ ಸಿಎಸ್‌ಎಸ್ ಬರೆಯಲು ಪ್ರತ್ಯೇಕ ಜಾಗವಿದೆ. ಲೈನ್ ಹೈಟ್, ಅಕ್ಷರದ ಅಂತರ, ಬಣ್ಣ ಇಂಥ ಸಣ್ಣ ತಿದ್ದುಪಡಿಗಳಿಗೆ ಅದು ಧಾರಾಳ. ದೊಡ್ಡ ಬದಲಾವಣೆಗೆ ಚೈಲ್ಡ್ ಥೀಮ್ ಮಾಡಿಕೊಳ್ಳಬೇಕು. ಸೆಟ್ಟಿಂಗ್ಸ್‌ನಲ್ಲಿ ಸೈಟ್ ಭಾಷೆಯನ್ನು ಕನ್ನಡ ಎಂದು ಆರಿಸಿ, ಆಗ ಪುಟ ಕನ್ನಡದ್ದು ಎಂದು ಬ್ರೌಸರಿಗೂ ಓದಿಹೇಳುವ ತಂತ್ರಾಂಶಕ್ಕೂ ತಿಳಿಯುತ್ತದೆ.

ಬಳಸಿದ ಬಣ್ಣಗಳ ಕೋಡ್, ಫಾಂಟ್‌ಗಳ ಹೆಸರು, ಲೋಗೊದ ಮೂಲ ಕಡತ, ಟೆಂಪ್ಲೇಟ್ ಖರೀದಿಸಿದ ರಸೀದಿ ಇಷ್ಟನ್ನೂ ಒಂದು ಕಡತದಲ್ಲಿ ಬರೆದು ಕಾರ್ಯದರ್ಶಿಗೆ ಕೊಡಿ. ಸಮಿತಿ ಬದಲಾಗುತ್ತದೆ, ನೀವೂ ಕೆಲಸ ಬದಲಿಸಿ ಊರು ಬಿಡಬಹುದು. ಮುಂದಿನವನು ಕೆಂಪು ಯಾವ ಕೆಂಪು ಎಂದು ಹುಡುಕುತ್ತಾ ಕೂರಬಾರದು.

ಪುಟ ಬಿಡುಗಡೆ ಮಾಡುವ ಹಿಂದಿನ ದಿನ ಮೂರು ಫೋನ್‌ಗಳಲ್ಲಿ ತೆರೆದು ನೋಡಿ, ಅದರಲ್ಲೊಂದು ಅಗ್ಗದ ಹಳೆಯ ಫೋನ್ ಆಗಿರಲಿ. ಮನೆಯ ಹಿರಿಯರ ಕೈಗೆ ಕೊಟ್ಟು "ಮುಂದಿನ ಕಾರ್ಯಕ್ರಮ ಎಲ್ಲಿ ಅಂತ ಹುಡುಕಿ" ಎನ್ನಿ, ಸುಮ್ಮನೆ ಪಕ್ಕದಲ್ಲಿ ಕೂತು ಅವರ ಬೆರಳು ಎಲ್ಲೆಲ್ಲಿ ತಡವರಿಸುತ್ತದೆ ಎಂದು ಗಮನಿಸಿ, ಹೇಳಿಕೊಡಬೇಡಿ. ಕೊನೆಯದಾಗಿ ಸೈಟ್‌ನ ಹುಡುಕುವ ಪೆಟ್ಟಿಗೆಯಲ್ಲಿ 'ಲೋರೆಮ್' ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ನೋಡಿ. ಡೆಮೊ ಜೊತೆ ಬಂದ ಯಾವುದೋ ಪುಟ, ಯಾವುದೋ ವಿದೇಶಿ ಕಾಫಿ ಅಂಗಡಿಯ ವಿಳಾಸ ಮೂಲೆಯಲ್ಲಿ ಉಳಿದುಕೊಂಡಿದ್ದರೆ ಆಗ ಸಿಕ್ಕಿಬೀಳುತ್ತದೆ.